ಮಾಮೂಲಿ ಶಾಲೆಯೋ, ವಿಶೇಷ ಶಾಲೆಯೋ? ವಿಶೇಷ ಅಗತ್ಯವುಳ್ಳ ಮಗುವಿಗೆ ಶಾಲೆ ಆರಿಸುವ ಮುನ್ನ

ಏಪ್ರಿಲ್ ಬಂದರೆ ಎಲ್ಲ ಮನೆಗಳಲ್ಲೂ ಅಡ್ಮಿಶನ್ ಮಾತು. ಬೇರೆಯವರು ಯಾವ ಶಾಲೆ ಚೆನ್ನಾಗಿದೆ ಅಂತ ವಿಚಾರಿಸುತ್ತಾರೆ. ವಿಶೇಷ ಅಗತ್ಯವುಳ್ಳ ಮಗುವಿನ ಅಪ್ಪ ಅಮ್ಮ ಮಾತ್ರ ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಅಂತ ಅಲೆಯುತ್ತಾರೆ. "ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ" ಎಂಬ ಮಾತನ್ನು ಎರಡು ಮೂರು ಕಡೆ ಕೇಳಿಸಿಕೊಂಡ ಮೇಲೆ, ಮುಂದಿನ ಶಾಲೆಯವರು ಹೂಂ ಅಂದರೆ ಸಾಕು, ಹಿಂದೆ ಮುಂದೆ ನೋಡದೆ ಸೇರಿಸಿಬಿಡುತ್ತಾರೆ. ಹೋಲಿಸಿ ನೋಡಿ ಆರಿಸುವ ಕೆಲಸ ಅಲ್ಲಿ ನಡೆದೇ ಇರುವುದಿಲ್ಲ.

ಹಾಗಾಗಿ ಕಾನೂನಿನ ಮಾತನ್ನು ಮೊದಲೇ ಮುಗಿಸೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಬೆರೆಯಲು, ಮಾತಾಡಲು ಕಷ್ಟವಾಗುವ ಆಟಿಸಂ, ಓದು ಬರಹ ತೊಡಕಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ, ಕೈಕಾಲಿನ ಚಲನೆಗೆ ಅಡ್ಡಿಯಾಗುವ ಸೆರೆಬ್ರಲ್ ಪಾಲ್ಸಿ ಎಲ್ಲ ಅದರಲ್ಲಿ ಸೇರಿವೆ. ಈ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಬೇಕಾದ ಅನುಕೂಲ ಮಾಡಿಕೊಡಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಈ ಮಾತು ಅನ್ವಯಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯಲ್ಲಾದರೂ ಓದಬಹುದು, ವಿಶೇಷ ಶಾಲೆಯಲ್ಲಾದರೂ ಓದಬಹುದು. ಆಯ್ಕೆ ನಿಮ್ಮದು. ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, ಸೇರಿಸಿಕೊಳ್ಳುವ ಮೊದಲು ಮಗುವಿಗೆ ಪರೀಕ್ಷೆ, ಸಂದರ್ಶನ ಮಾಡಬಾರದು ಎನ್ನುತ್ತದೆ. ಸೇರಿದ ಮೇಲೆ 8ನೇ ತರಗತಿ ಮುಗಿಯುವ ತನಕ ಹೊರಗೆ ಹಾಕುವಂತೆಯೂ ಇಲ್ಲ.

ಕಾನೂನು ಬಾಗಿಲು ತೆರೆಸುತ್ತದೆ ನಿಜ. ಒಳಗೆ ಹೋದ ಮೇಲೆ ಮಗು ಕಲಿಯುತ್ತದಾ, ಸುಮ್ನೆ ಕೂತು ಬರುತ್ತದಾ ಅನ್ನೋದು ಬೇರೆ ವಿಷಯ. ಶಾಲೆಗಳನ್ನು ಹೋಲಿಸುವಾಗ ನಾನು ಪೋಷಕರಿಗೆ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗಿ ಅನ್ನುತ್ತೇನೆ: ಒಂದು ಮಾಮೂಲಿ ಸೋಮವಾರ, ಬೆಲ್ ಹೊಡೆದಾಗಿನಿಂದ ಶಾಲೆ ಬಿಡುವ ತನಕ, ಈ ಮಗುವಿನ ಪಕ್ಕ ಯಾರಿರುತ್ತಾರೆ? ಕಟ್ಟಡ, ಬೋರ್ಡು, ಇಂಗ್ಲಿಷ್ ಮೀಡಿಯಂ, ಸ್ಮಾರ್ಟ್ ಕ್ಲಾಸು ಎಲ್ಲ ಆಮೇಲೆ.

ಕರ್ನಾಟಕದಲ್ಲಿ ಒಟ್ಟು ಐದು ದಾರಿಗಳಿವೆ: ಹತ್ತಿರದ ಸರ್ಕಾರಿ ಶಾಲೆ, ಖಾಸಗಿ ಶಾಲೆ, ವಿಶೇಷ ಶಾಲೆ, ಮನೆಯಲ್ಲೇ ಕಲಿಕೆ, ದೊಡ್ಡ ಮಕ್ಕಳಿಗೆ, ದಿನಾ ತರಗತಿಗೆ ಹೋಗದೆ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆ. ಹೆಚ್ಚಿನ ಮಕ್ಕಳು ಒಂದೇ ದಾರಿಯಲ್ಲಿ ಕೊನೆಯವರೆಗೆ ಹೋಗುವುದಿಲ್ಲ. ನಡುವೆ ದಾರಿ ಬದಲಾಗುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಿಲ್ಲ.

ಹತ್ತಿರದ ಸರ್ಕಾರಿ ಶಾಲೆ

ಇದನ್ನು ಪೋಷಕರು ಕೊನೆಯ ಆಯ್ಕೆ ಅಂದುಕೊಳ್ಳುತ್ತಾರೆ. ಚಿಕ್ಕ ಮಕ್ಕಳಿಗೆ ಇದನ್ನೇ ಮೊದಲು ನೋಡಿ ಎಂದು ನಾನು ಹೇಳುತ್ತೇನೆ. ಅದಕ್ಕೆ ಕಾರಣ ನಲಿ-ಕಲಿ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಈಗ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯಲ್ಲಿದೆ. ಅದನ್ನು ರೂಪಿಸಿದ್ದು ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಅಲ್ಲ. ಆದರೂ ಅವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಮಕ್ಕಳು ನೆಲದ ಮೇಲೆ ಗುಂಪುಗಳಲ್ಲಿ ಕೂರುತ್ತಾರೆ. ಪಾಠ ಕಾರ್ಡುಗಳಲ್ಲಿರುತ್ತದೆ. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಕಲಿಸುತ್ತಾರೆ. ನಿಧಾನವಾಗಿ ಕಲಿಯುವ ಮಗು ಅಲ್ಲಿ ಎದ್ದು ಕಾಣುವುದೇ ಇಲ್ಲ. ಎಲ್ಲರೂ ಬೇರೆ ಬೇರೆ ಮೆಟ್ಟಿಲಲ್ಲಿ ಇರುತ್ತಾರಲ್ಲ! ಸಾಲಾಗಿ ಬೆಂಚಿನ ಮೇಲೆ ಕೂರಿಸಿ, ಎಲ್ಲರಿಗೂ ಒಂದೇ ದಿನ ಒಂದೇ ಪುಟ ಓದಿಸುವ ಶಾಲೆಯಲ್ಲಿ ಆ ಮಗು ಮೊದಲ ವಾರದಲ್ಲೇ ಹಿಂದೆ ಬೀಳುತ್ತಿತ್ತು.

ಜೊತೆಗೆ ಸಮಗ್ರ ಶಿಕ್ಷಣ ಯೋಜನೆಯ ಸೌಲಭ್ಯಗಳಿವೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಎಲ್ಲರೂ ಬಿಆರ್‌ಸಿ ಅನ್ನೋ ಕಡೆ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಇವರನ್ನು ಬಿಐಇಆರ್‌ಟಿ ಎಂದು ಕರೆಯುತ್ತಾರೆ. ಅವರು ಶಾಲೆಗಳಿಗೆ ಭೇಟಿ ಕೊಟ್ಟು ಮಗುವನ್ನು ನೋಡಬೇಕು, ಟೀಚರಿಗೆ ದಾರಿ ತೋರಿಸಬೇಕು. ತಪಾಸಣಾ ಶಿಬಿರ ನಡೆಸಿ ಶ್ರವಣ ಸಾಧನ, ವೀಲ್‌ಚೇರ್, ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಕೊಡಿಸುತ್ತಾರೆ. ಸಾಧನಗಳನ್ನು ಹೆಚ್ಚಾಗಿ ಕೇಂದ್ರ ಸರ್ಕಾರದ ಅಲಿಮ್ಕೋ ಸಂಸ್ಥೆ ತಯಾರಿಸಿ ಕೊಡುತ್ತದೆ. ಶಾಲೆಗೆ ಹೋಗಿಬರುವುದಕ್ಕೆ ಸಾರಿಗೆ ಭತ್ಯೆ, ಕರೆದುಕೊಂಡು ಹೋಗುವವರಿಗೆ ಬೆಂಗಾವಲು ಭತ್ಯೆ, ಹೆಣ್ಣುಮಕ್ಕಳಿಗೆ ಪ್ರೋತ್ಸಾಹಧನ ಇವೆ. ದೊಡ್ಡ ಮೊತ್ತ ಏನಲ್ಲ. ಆದರೆ ಕೂಲಿ ಬಿಟ್ಟು ದಿನಾ ಮಗುವನ್ನು ಎತ್ತಿಕೊಂಡು ಬರುವ ಅಮ್ಮನಿಗೆ ಅದೂ ಒಂದು ಆಸರೆ.

ಇನ್ನು ಕೊರತೆ. ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಸಂಪನ್ಮೂಲ ಶಿಕ್ಷಕರು, ನೋಡಬೇಕಾದ ಶಾಲೆಗಳು ಮಾತ್ರ ಬೇಕಾದಷ್ಟು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಊರಿನ ಶಾಲೆಯಲ್ಲಿ ಆ ಲೆಕ್ಕ ಹುಡುಕಬೇಡಿ. ಬಿಐಇಆರ್‌ಟಿ ತಿಂಗಳಿಗೊಮ್ಮೆ ಬಂದರೂ ಉಳಿದ ದಿನಗಳು ತರಗತಿ ಟೀಚರ್ ಕೈಯಲ್ಲೇ. ಹಾಗಾಗಿ ಸರ್ಕಾರಿ ಶಾಲೆ ಆರಿಸುವುದು ಅಂದರೆ ಒಬ್ಬ ಟೀಚರನ್ನು ಆರಿಸುವುದು. ಆ ಟೀಚರಿಗೆ ಆಸಕ್ತಿ ಇದ್ದರೆ ಯಾವ ದುಬಾರಿ ಶಾಲೆಯೂ ಬೇಡ. ಅವರಿಗೆ ವರ್ಗಾವಣೆ ಆದರೆ ಮತ್ತೆ ಮೊದಲಿನಿಂದ ಶುರು.

ಇನ್ನೊಂದು ತೊಡಕು 4ನೇ ತರಗತಿಯಲ್ಲಿ ಕಾದಿರುತ್ತದೆ. ನಲಿ-ಕಲಿ 3ಕ್ಕೆ ಮುಗಿಯುತ್ತದೆ. ಆಮೇಲೆ ಪಠ್ಯಪುಸ್ತಕ, ಬೋರ್ಡು, ನೋಟ್ಸು. ಮೂರು ವರ್ಷ ಖುಷಿಯಾಗಿದ್ದ ಮಗು ದಿಢೀರ್ ಅಂತ ಹೊಟ್ಟೆನೋವು, ತಲೆನೋವು ಅಂತ ಮನೆಯಲ್ಲಿ ಉಳಿಯಲು ಶುರು ಮಾಡಿದರೆ ಅದು ಸೋಮಾರಿತನ ಆಗಿರಬೇಕಿಲ್ಲ. 3ನೇ ತರಗತಿಯ ಕೊನೆಯಲ್ಲೇ 4ನೇ ತರಗತಿಯ ಮೇಷ್ಟ್ರನ್ನು ಭೇಟಿಯಾಗಿ ಮಗುವಿನ ಬಗ್ಗೆ ಹೇಳಿಡಿ. ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಒಂದು ಲಾಭ ಇದೆ. ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣ. 7 ಮುಗಿದಾಗ, 10 ಮುಗಿದಾಗ ಹೊಸ ಶಾಲೆಯ ಮುಂದೆ ಮತ್ತೆ ಎಲ್ಲ ಕಥೆ ಹೇಳಬೇಕಾಗುವುದಿಲ್ಲ.

ಖಾಸಗಿ ಶಾಲೆ

ಖಾಸಗಿ ಶಾಲೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ಈ ಮಕ್ಕಳಿಗೆ ಬೇರೆಯಾಗಿ ಕಲಿಸುವ ರಿಸೋರ್ಸ್ ರೂಮ್, ಪೂರ್ಣಾವಧಿ ವಿಶೇಷ ಶಿಕ್ಷಕರು, ಕೌನ್ಸೆಲರ್ ಇಟ್ಟುಕೊಂಡು ನಿಜವಾಗಿ ಕೆಲಸ ಮಾಡುವ ಶಾಲೆಗಳು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಇವೆ. ಬೋರ್ಡಿನ ಮೇಲೆ "ಇನ್‌ಕ್ಲೂಸಿವ್" ಎಂದು ಬರೆದು, ಮಗುವನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವ ಶಾಲೆಗಳೂ ಇವೆ. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಇರಲೇಬೇಕು ಎಂದು ನಿಯಮ ಮಾಡಿದೆ. ಇದ್ದಾರಾ ಎಂದು ಕೇಳಿದರೆ ಎಲ್ಲರೂ ಇದ್ದಾರೆ ಅಂತಾರೆ. ಅವರನ್ನು ಭೇಟಿ ಮಾಡಿಸಿ ಎಂದು ಕೇಳಿ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಕೊಡುವ ನೋಂದಣಿ ಸಂಖ್ಯೆ ಇದೆಯೇ ಎಂದು ವಿಚಾರಿಸಿ. ಓದಿದ ವಿಶೇಷ ಶಿಕ್ಷಕರು ಇದನ್ನು ಹೇಳಲು ಹಿಂಜರಿಯುವುದಿಲ್ಲ. ಅವರ ಟೈಮ್‌ಟೇಬಲ್ ನೋಡಿ. ಇಡೀ ಶಾಲೆಗೆ ಒಬ್ಬರೇ ಇದ್ದು, ಅವರೇ ಆರನೇ ತರಗತಿಗೆ ಇಂಗ್ಲಿಷ್, ಏಳನೇ ತರಗತಿಗೆ ಸಮಾಜ ವಿಜ್ಞಾನವನ್ನೂ ಮಾಡುತ್ತಿದ್ದರೆ ನಿಮ್ಮ ಮಗುವಿಗೆ ಎಷ್ಟು ಹೊತ್ತು ಸಿಗುತ್ತಾರೆ, ನೀವೇ ಯೋಚಿಸಿ.

ಖರ್ಚಿನ ವಿಷಯದಲ್ಲಿ ಫೀಸು ಮಾತ್ರ ನೋಡಬೇಡಿ. ಆಟಿಸಂ ಅಥವಾ ಗಮನದ ತೊಂದರೆ ಇರುವ ಮಗುವಿಗೆ ಹಲವು ಶಾಲೆಗಳು ಶ್ಯಾಡೋ ಟೀಚರ್ ಬೇಕು ಅನ್ನುತ್ತವೆ. ಮಗುವಿನ ಪಕ್ಕದಲ್ಲೇ ಕೂತು ನೋಡಿಕೊಳ್ಳುವವರು ಇವರು. ಸಂಬಳ ಬಹುತೇಕ ಪೋಷಕರದ್ದೇ. ಕೆಲವು ಮನೆಗಳಲ್ಲಿ ಶಾಲೆಯ ಫೀಸಿಗಿಂತ ಇದೇ ಜಾಸ್ತಿ. ಶ್ಯಾಡೋ ಟೀಚರ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಮೊದಲ ಕೆಲವು ತಿಂಗಳು ಅವರು ಬೇಕು, ಒಪ್ಪುತ್ತೇನೆ. ವರ್ಷಗಟ್ಟಲೆ ಇದ್ದರೆ ತರಗತಿ ಟೀಚರ್ ಆ ಮಗುವಿನ ಜವಾಬ್ದಾರಿಯನ್ನೇ ಬಿಟ್ಟುಬಿಡುತ್ತಾರೆ. "ಅವರ ಮಿಸ್ ಇದ್ದಾರಲ್ಲ" ಎಂದು ಬೇರೆ ಮಕ್ಕಳೂ ದೂರ ಉಳಿಯುತ್ತಾರೆ. ಮಾಮೂಲಿ ಶಾಲೆಯೊಳಗೆ ಇಬ್ಬರದ್ದೇ ಒಂದು ವಿಶೇಷ ಶಾಲೆ ನಡೆದ ಹಾಗೆ ಆಗುತ್ತದೆ. ಶ್ಯಾಡೋ ಟೀಚರ್ ಇಡಲೇಬೇಕಾದರೆ, ಎಷ್ಟು ದಿನಕ್ಕೆ, ಹೇಗೆ ಕಡಿಮೆ ಮಾಡುತ್ತಾ ಹೋಗುತ್ತೀರಿ ಎಂದು ಶಾಲೆಯಿಂದ ಬರೆಸಿಕೊಳ್ಳಿ.

ಆರ್‌ಟಿಇ ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಮೀಸಲಿಟ್ಟ ಶೇ. 25ರ ಉಚಿತ ಸೀಟು ಸಿಗುತ್ತದಾ ಎಂದು ತುಂಬಾ ಜನ ಕೇಳುತ್ತಾರೆ. 2012ರ ತಿದ್ದುಪಡಿಯ ನಂತರ ವಿಕಲಚೇತನ ಮಕ್ಕಳು ಈ ಮೀಸಲಿಗೆ ಅರ್ಹರು. ಆದರೆ ಕರ್ನಾಟಕ 2019-20ರಿಂದ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹೆಚ್ಚಿನ ಊರುಗಳಲ್ಲಿ ಸರ್ಕಾರಿ ಶಾಲೆ ಇದ್ದೇ ಇರುತ್ತದೆ. ಇದನ್ನೇ ನಂಬಿಕೊಂಡು ಕೂರಬೇಡಿ.

ಮೀಡಿಯಂ ಬಗ್ಗೆ ಒಂದು ಮಾತು. ಮಾತು ತಡವಾದ ಮಗು, ಕಿವಿ ಕೇಳಿಸದ ಮಗು, ಓದಲು ಕಷ್ಟಪಡುವ ಮಗು. ಮನೆಯಲ್ಲಿ ಕನ್ನಡ. ಶಾಲೆಯಲ್ಲಿ ಎಲ್‌ಕೆಜಿಯಿಂದಲೇ ಇಂಗ್ಲಿಷ್. ಥೆರಪಿಯಲ್ಲಿ ಒಂದು ಭಾಷೆ, ತರಗತಿಯಲ್ಲಿ ಇನ್ನೊಂದು. ಇರುವ ಭಾರದ ಮೇಲೆ ಮತ್ತೊಂದು ಭಾರ ಹೊರಿಸುತ್ತಿದ್ದೇವೆ, ಅಲ್ವಾ? ಇಂಥ ಮಗುವಿಗೆ ಮನೆಮಾತಿನಲ್ಲೇ ಕಲಿಸುವ ಶಾಲೆ ಸಿಕ್ಕರೆ ಬೇರೆ ನಾಲ್ಕು ಸೌಲಭ್ಯ ಕಡಿಮೆ ಇದ್ದರೂ ನಾನು ಅದನ್ನೇ ಆರಿಸುತ್ತೇನೆ. ನೆಂಟರು ಏನಂದುಕೊಳ್ಳುತ್ತಾರೋ ಎಂದು ಇಂಗ್ಲಿಷ್ ಮೀಡಿಯಂಗೆ ಹಾಕಿದ ಎಷ್ಟೋ ಮಕ್ಕಳು ಎರಡೂ ಭಾಷೆಯಲ್ಲಿ ಅರ್ಧಂಬರ್ಧ ಉಳಿಯುತ್ತಾರೆ.

ವಿಶೇಷ ಶಾಲೆ

"ವಿಶೇಷ ಶಾಲೆ" ಎಂದು ಒಟ್ಟಾಗಿ ಹೇಳಿದರೆ ದಾರಿ ತಪ್ಪುತ್ತದೆ. ಅಂಧ ಮಕ್ಕಳ ಶಾಲೆ, ಕಿವುಡ ಮಕ್ಕಳ ಶಾಲೆ, ಬೌದ್ಧಿಕ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆ ಮೂರೂ ಬೇರೆ ಬೇರೆ ಲೋಕ.

ಕಣ್ಣು ಕಾಣದ ಮಗುವಿಗೆ ಬ್ರೈಲ್, ಬಿಳಿ ಕೋಲು ಹಿಡಿದು ಓಡಾಡುವುದು, ಕಂಪ್ಯೂಟರಿನಲ್ಲಿ ಓದಿಸಿಕೊಳ್ಳುವುದು ಮೊದಲು ಬರಬೇಕು. ಊರಿನ ಶಾಲೆಯ ಟೀಚರಿಗೆ ಬ್ರೈಲ್ ಬರುವ ಸಾಧ್ಯತೆ ಕಡಿಮೆ. ಹಾಗಾಗಿ ಮೊದಲ ವರ್ಷಗಳು ವಿಶೇಷ ಶಾಲೆ, ಆಮೇಲೆ ಮಾಮೂಲಿ ಶಾಲೆ ಅನ್ನೋ ದಾರಿ ಈ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಮೈಸೂರಿನಲ್ಲಿ ಹಳೆಯ ಸರ್ಕಾರಿ ಶಾಲೆ ಇದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಇಂಥ ಕಡೆ ಹಾಸ್ಟೆಲ್ ಇರುತ್ತದೆ, ರಾಜ್ಯ ಪಠ್ಯಕ್ರಮವೇ ಇರುತ್ತದೆ, ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆಯುತ್ತಾರೆ. ಪೂರ್ತಿ ಕುರುಡಲ್ಲದ, ದೃಷ್ಟಿ ಕಡಿಮೆ ಇರುವ ಮಗುವಿನ ವಿಷಯ ಬೇರೆ. ದೊಡ್ಡ ಅಕ್ಷರದ ಪುಸ್ತಕ, ಭೂತಗನ್ನಡಿ, ಮುಂದಿನ ಬೆಂಚು ಇದ್ದರೆ ಮಾಮೂಲಿ ಶಾಲೆಯೇ ಸಾಕು.

ಕಿವಿಯ ವಿಷಯದಲ್ಲಿ ವಯಸ್ಸೇ ಎಲ್ಲ. ಸಣ್ಣ ವಯಸ್ಸಿನಲ್ಲೇ ಗೊತ್ತಾಗಿ, ಶ್ರವಣ ಸಾಧನ ಅಥವಾ ಆಪರೇಷನ್ ಮಾಡಿ ಕಿವಿಯೊಳಗೆ ಇಡುವ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿ, ಬಿಡದೆ ಮಾತಿನ ತರಬೇತಿ ಕೊಟ್ಟಿದ್ದರೆ ಮಗು ಮಾಮೂಲಿ ಶಾಲೆಗೆ ಹೋಗಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಎಲ್ಲರ ಬಾಯಲ್ಲಿ ಆಯಿಷ್, ಇದಕ್ಕಾಗಿಯೇ ಪ್ರೀಸ್ಕೂಲ್ ಇದೆ. ಅಲ್ಲಿ ಮಗುವಿನ ಜೊತೆ ಅಮ್ಮನೂ ಕಲಿಯುತ್ತಾಳೆ. ಮಾಮೂಲಿ ಶಾಲೆಗೆ ತಯಾರು ಮಾಡುವುದೇ ಅದರ ಗುರಿ.

ಆರೇಳು ವರ್ಷವಾದರೂ ಮಾತೂ ಇಲ್ಲ, ಸನ್ನೆ ಭಾಷೆಯೂ ಇಲ್ಲ ಅಂದಾಗ ಕಥೆ ಬೇರೆ. ಅಂಥ ಮಗುವನ್ನು ಹತ್ತಿರ ಇದೆ ಎಂಬ ಒಂದೇ ಕಾರಣಕ್ಕೆ ಊರ ಶಾಲೆಯಲ್ಲಿ ಕೂರಿಸಬೇಡಿ. ಬೋರ್ಡಿನ ಮೇಲಿದ್ದದ್ದನ್ನು ಅಚ್ಚುಕಟ್ಟಾಗಿ ನಕಲು ಮಾಡುತ್ತದೆ. ಅಕ್ಷರ ಮುದ್ದಾಗಿರುತ್ತದೆ. ಟೀಚರಿಗೂ ಖುಷಿ, ಮನೆಯವರಿಗೂ ಖುಷಿ. ಬರೆದದ್ದು ಏನೆಂದು ಮಗುವಿಗೆ ಗೊತ್ತಿರುವುದಿಲ್ಲ. ಜೊತೆಯವರ ಮಾತು ತಿಳಿಯದೆ, ತನ್ನ ಮಾತು ತಿಳಿಸಲಾಗದೆ ವರ್ಷಗಳು ಕಳೆಯುತ್ತವೆ. ಅಂಥ ಮಗುವಿಗೆ ಸನ್ನೆ ಭಾಷೆ ಬಳಸುವ ಗೆಳೆಯರ ಗುಂಪು ಬೇಕು. ಅದು ಸಿಗುವುದು ಕಿವುಡ ಮಕ್ಕಳ ಶಾಲೆಯಲ್ಲಿ. ಮನೆಯಿಂದ ದೂರ ಹಾಸ್ಟೆಲ್‌ನಲ್ಲಿ ಬಿಡುವುದು ಯಾವ ತಾಯಿಗೂ ಸುಲಭ ಅಲ್ಲ. ಆದರೂ ಇಲ್ಲಿ ನನ್ನ ಮತ ವಿಶೇಷ ಶಾಲೆಗೇ.

ಬೌದ್ಧಿಕ ಬೆಳವಣಿಗೆ ನಿಧಾನವಾದ ಮಕ್ಕಳ ಶಾಲೆಗಳಲ್ಲಿ ಪಠ್ಯಪುಸ್ತಕಕ್ಕಿಂತ ದಿನನಿತ್ಯದ ಕೆಲಸಕ್ಕೆ ಒತ್ತು. ಸ್ವಂತ ಊಟ ಮಾಡುವುದು, ಬಟ್ಟೆ ಹಾಕಿಕೊಳ್ಳುವುದು, ದುಡ್ಡು ಎಣಿಸುವುದು, ಬಸ್ ಹತ್ತುವುದು, ಮುಂದೆ ಒಂದು ಕಸುಬು. ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಒಂದೇ ಕಡೆ ಸಿಗಬಹುದು. ಒಂದು ವಿಷಯ ಮೊದಲೇ ತಿಳಿದಿರಲಿ: ಪಠ್ಯಕ್ರಮ ಬೇರೆ ಆದ್ದರಿಂದ ಇಲ್ಲಿಂದ ಮತ್ತೆ ಮಾಮೂಲಿ ಶಾಲೆಗೆ ಬರುವುದು ಕಷ್ಟ. ಸೌಮ್ಯ ಪ್ರಮಾಣದ ತೊಂದರೆ ಇರುವ ಮಗುವನ್ನು, ಉದಾಹರಣೆಗೆ ಚೆನ್ನಾಗಿ ಮಾತಾಡುವ, ಎಲ್ಲರ ಜೊತೆ ಬೆರೆಯುವ ಡೌನ್ ಸಿಂಡ್ರೋಮ್ ಮಗುವನ್ನು, ಮೊದಲು ನಲಿ-ಕಲಿ ತರಗತಿಗೇ ಕಳಿಸಿ. ಅಕ್ಕಪಕ್ಕದ ಮಕ್ಕಳ ಜೊತೆ ಆಡುತ್ತಾ ಕಲಿಯುವ ಮಾತು, ನಡವಳಿಕೆ ಬೇರೆಲ್ಲೂ ಸಿಗುವುದಿಲ್ಲ. 5ನೇ ತರಗತಿ ಹೊತ್ತಿಗೆ ಪಾಠದ ಅಂತರ ಜಾಸ್ತಿಯಾಗಿ ಮಗು ಮಂಕಾದರೆ ಆಗ ವಿಶೇಷ ಶಾಲೆ ನೋಡಿ. ಸರ್ಕಾರಿ ಶಾಲೆಗಳು ಶಿಕ್ಷಣ ಇಲಾಖೆಯ ಕೆಳಗೆ ಬಂದರೆ, ವಿಶೇಷ ಶಾಲೆಗಳ ಉಸ್ತುವಾರಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದ್ದು. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಆಫೀಸಿನಲ್ಲಿ ವಿಶೇಷ ಶಾಲೆಗಳ ಪಟ್ಟಿ ಸಿಗದಿದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಮನೆಯಲ್ಲೇ ಕಲಿಕೆ

ತೀವ್ರ ಅಥವಾ ಒಂದಕ್ಕಿಂತ ಹೆಚ್ಚು ವೈಕಲ್ಯ ಇದ್ದು ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಇದೆ. ಹೆಸರು ಹತ್ತಿರದ ಶಾಲೆಯಲ್ಲಿರುತ್ತದೆ, ಶಿಕ್ಷಕರು ಅಥವಾ ಸ್ವಯಂಸೇವಕರು ಮನೆಗೆ ಬರುತ್ತಾರೆ. ಅವರು ಬಂದುಹೋಗುವ ಸಮಯ ಬಹಳ ಕಡಿಮೆ. ಉಳಿದದ್ದು ಮನೆಯವರದ್ದೇ. ಎದ್ದು ಕೂರಲಾಗದ ಮಗುವಿಗೆ ಇದು ಸರಿ. ಆದರೆ ಶಾಲೆಯಲ್ಲಿ ರ‍್ಯಾಂಪ್ ಇಲ್ಲ, ಗಲಾಟೆ ಮಾಡುತ್ತಾನೆ ಎಂಬ ಕಾರಣಕ್ಕೆ ಶಾಲೆಯವರೇ ಇದನ್ನು ಸೂಚಿಸಿದರೆ ಒಪ್ಪಬೇಡಿ. ಅದು ಶಾಲೆಯ ಕೊರತೆ. ಹಲವು ತಾಲ್ಲೂಕುಗಳಲ್ಲಿ ಶಾಲಾ ಸಿದ್ಧತಾ ಕೇಂದ್ರಗಳಿವೆ. ವಾರದಲ್ಲಿ ಕೆಲವು ದಿನವಾದರೂ ಅಲ್ಲಿಗೆ ಕರೆತಂದರೆ ಮಗುವಿಗೂ ಬದಲಾವಣೆ, ಅಮ್ಮನಿಗೂ ನಾಲ್ಕು ಜನರ ಮಾತು.

ಎಂಟರ ನಂತರ: ಎಸ್‌ಎಸ್‌ಎಲ್‌ಸಿಯೋ, ಮುಕ್ತ ಶಾಲೆಯೋ

ಚಿಕ್ಕ ತರಗತಿಗಳಲ್ಲಿ ಹೇಗೋ ನಡೆದುಹೋಗುತ್ತದೆ. 8ನೇ ತರಗತಿ ದಾಟುತ್ತಿದ್ದ ಹಾಗೆ ಶಾಲೆಯವರಿಗೆ ಫಲಿತಾಂಶದ ಚಿಂತೆ ಹತ್ತುತ್ತದೆ. "ಎನ್‌ಐಒಎಸ್‌ಗೆ ಹಾಕಿ, ಅವನಿಗೂ ಸುಲಭ" ಎಂದು ಮುಕ್ತ ಶಾಲೆಯ ಸಲಹೆ ಬರುತ್ತದೆ. ಸುಲಭ ಯಾರಿಗೆ ಎಂದು ಮೊದಲು ಕೇಳಿಕೊಳ್ಳಿ.

ಎಸ್‌ಎಸ್‌ಎಲ್‌ಸಿಯಲ್ಲಿ ಎಷ್ಟು ರಿಯಾಯಿತಿ ಇದೆ ಎಂದು ಎಷ್ಟೋ ಶಾಲೆಗಳಿಗೇ ಗೊತ್ತಿಲ್ಲ. ಹೆಚ್ಚುವರಿ ಸಮಯ ಇದೆ. ಬರೆಯಲಾಗದವರಿಗೆ ಬರೆದುಕೊಡುವವರನ್ನು ಕೊಡುತ್ತಾರೆ. ವಿಕಲಚೇತನ ಮಕ್ಕಳಿಗೆ ಗಣಿತದ ಬದಲು ಸಮಾಜಶಾಸ್ತ್ರ, ವಿಜ್ಞಾನದ ಬದಲು ರಾಜ್ಯಶಾಸ್ತ್ರ ಅಥವಾ ಸಂಗೀತ ತೆಗೆದುಕೊಳ್ಳುವ ಅವಕಾಶವೂ ಇದೆ. ಪರೀಕ್ಷೆ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರ ಅಂತ ಇರುತ್ತದಲ್ಲ, ಅದು ಇದೇ. ಗಣಿತ ಬಿಟ್ಟರೆ ಪಿಯುನಲ್ಲಿ ವಿಜ್ಞಾನದ ಬಾಗಿಲು ಮುಚ್ಚುತ್ತದೆ. ಹಾಗಾಗಿ ಮಗುವನ್ನೂ ಕೂರಿಸಿಕೊಂಡು ಮಾತಾಡಿ ತೀರ್ಮಾನಿಸಿ. ರಿಯಾಯಿತಿಯ ಅರ್ಜಿ ಶಾಲೆಯ ಮೂಲಕ, ವೈದ್ಯಕೀಯ ಪ್ರಮಾಣಪತ್ರದ ಜೊತೆ, ನೋಂದಣಿ ಹೊತ್ತಿಗೇ ಹೋಗಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಏನೂ ಪ್ರಯೋಜನವಿಲ್ಲ. ಸಿಬಿಎಸ್‌ಇಯಲ್ಲೂ ಇಂಥದ್ದೇ ಅನುಕೂಲಗಳಿವೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ, ಎರಡರ ಬದಲು ಒಂದೇ ಭಾಷೆ ಓದಿದರೂ ನಡೆಯುತ್ತದೆ.

ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಒಂದು ಭಾಷೆ ಇದ್ದರೆ ಸಾಕು. ಗೃಹ ವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿಯಂಥ ವಿಷಯಗಳಿವೆ. ಒಂದೊಂದೇ ವಿಷಯ ಬರೆದು ಐದು ವರ್ಷದೊಳಗೆ ಮುಗಿಸಬಹುದು. ಪಾಸಾದ ವಿಷಯದ ಅಂಕ ಉಳಿಯುತ್ತದೆ. ಭಾರತೀಯ ಸಂಜ್ಞೆ ಭಾಷೆಯನ್ನೂ ಒಂದು ವಿಷಯವಾಗಿ ಓದಬಹುದು. ಪರೀಕ್ಷೆ ಅಂದರೆ ಕೈಕಾಲು ನಡುಗುವ, ಒಂದೇ ಸಲಕ್ಕೆ ಆರು ಪೇಪರ್ ಆಗದ ಮಗುವಿಗೆ ಇದು ನಿಜಕ್ಕೂ ವರ.

ತೊಂದರೆ ಏನೆಂದರೆ ಇಲ್ಲಿ ದಿನಾ ಹೋಗುವ ಶಾಲೆ ಇಲ್ಲ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಮಾನ್ಯತೆ ಪಡೆದ ಎನ್‌ಐಒಎಸ್ ಕೇಂದ್ರ ಹತ್ತಿರದಲ್ಲಿದ್ದರೆ ಸರಿ. ಇಲ್ಲವಾದರೆ ಮಗು, ಮೊಬೈಲು, ನಾಲ್ಕು ಗೋಡೆ. ನಮ್ಮ ಸೋಮವಾರದ ಪ್ರಶ್ನೆಗೆ ಇಲ್ಲಿ ಉತ್ತರ ನೀವೇ ಹುಡುಕಬೇಕು. ಕನ್ನಡ ಮೀಡಿಯಂನಲ್ಲಿ ಓದಿದ ಮಗುವಾದರೆ ಬೇಕಾದ ವಿಷಯದ ಪುಸ್ತಕ ಯಾವ ಭಾಷೆಯಲ್ಲಿ ಸಿಗುತ್ತದೆ ಎಂದು ಸೇರುವ ಮೊದಲೇ ನೋಡಿ. ಮುಂದೆ ಸೇರಿಸಬೇಕೆಂದಿರುವ ಪಿಯು ಕಾಲೇಜು ಅಥವಾ ಐಟಿಐಯಲ್ಲೂ ವಿಚಾರಿಸಿ. ಐದನೇ ಆರನೇ ತರಗತಿಯಲ್ಲೇ ಶಾಲೆ ಬಿಡಿಸಿ "ಆಮೇಲೆ ಎನ್‌ಐಒಎಸ್ ಮಾಡಿಸುತ್ತೇವೆ" ಅನ್ನುವವರ ಮಾತು ಕೇಳಬೇಡಿ. ಹತ್ತರಿಂದ ಹದಿನಾಲ್ಕರವರೆಗಿನ ವರ್ಷಗಳು ಮಗು ಗೆಳೆಯರ ಜೊತೆ ಬೆಳೆಯುವ ವರ್ಷಗಳು.

ಡಿಸ್ಲೆಕ್ಸಿಯಾ ಮಗುವಿಗೆ ನನ್ನ ಸಲಹೆ ಹೀಗೆ: ಮಾಮೂಲಿ ಶಾಲೆಯಲ್ಲೇ ಇರಲಿ, ರಿಯಾಯಿತಿ ತೆಗೆದುಕೊಳ್ಳಲಿ, ಎನ್‌ಐಒಎಸ್ ಕೈಲಿರುವ ಎರಡನೇ ದಾರಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರ 8 ವರ್ಷಕ್ಕೆ ಮೊದಲು ಕೊಡುವುದಿಲ್ಲ. ಹಾಗೆಂದು ಅಲ್ಲಿಯವರೆಗೆ ಸುಮ್ಮನಿರಬೇಡಿ. ಓದಿಸುವ ವಿಧಾನ ಬದಲಿಸಲು ಪ್ರಮಾಣಪತ್ರ ಬೇಕಿಲ್ಲ. ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಉಳಿದ ಜಿಲ್ಲೆಯವರು ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಶಾಲೆ ನೋಡಲು ಹೋದಾಗ

ರಜೆಯಲ್ಲಿ ಹೋಗಬೇಡಿ. ತರಗತಿ ನಡೆಯುವಾಗ ಹೋಗಿ. ಪ್ರಿನ್ಸಿಪಾಲರ ರೂಮಿನಲ್ಲಿ ಕೇಳುವ ಮಾತಿಗಿಂತ ಊಟದ ಹೊತ್ತಿನಲ್ಲಿ ಕಾಣುವುದು ಜಾಸ್ತಿ. ಬಿಸಿಯೂಟದ ಸಾಲಿನಲ್ಲಿ ಇಂಥ ಮಕ್ಕಳು ಎಲ್ಲಿ ಕೂತಿದ್ದಾರೆ? ಜೊತೆಗೆ ಯಾರಾದರೂ ಇದ್ದಾರಾ? ಆಯಾ ಜೊತೆ ಎರಡು ಮಾತಾಡಿ. ಮಗುವನ್ನು ಟಾಯ್ಲೆಟ್‌ಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ನೇರವಾಗಿ ಕೇಳಿ. ಸೆರೆಬ್ರಲ್ ಪಾಲ್ಸಿ ಮಗುವಿಗೆ ಇದೊಂದೇ ಪ್ರಶ್ನೆ ಶಾಲೆಯನ್ನು ತೀರ್ಮಾನಿಸಬಹುದು. ಬುದ್ಧಿ ಚುರುಕಾಗಿರುವ ಎಷ್ಟೋ ಮಕ್ಕಳು ಇದೇ ಕಾರಣಕ್ಕೆ ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿರುತ್ತಾರೆ. ರ‍್ಯಾಂಪ್ ಇದ್ದರೆ ಸಾಲದು, ಅದರ ಕೊನೆಯಲ್ಲಿ ಬೀಗ ಹಾಕಿದ ಗೇಟು ಇಲ್ಲವೇ ನೋಡಿ. ಮಗುವಿನ ತರಗತಿ ಮೇಲಿನ ಮಹಡಿಗೆ ಹೋದಾಗ ಕೆಳಗೆ ಬದಲಾಯಿಸಿಕೊಡುತ್ತೀರಾ ಎಂದು ಕೇಳಿ. ಆಟಿಸಂ ಮಗುವಾದರೆ ಗಂಟೆ ಹೊಡೆಯುವ ಸದ್ದು, ಪ್ರಾರ್ಥನೆಯ ಮೈಕು, ಗಲಾಟೆಯಾದಾಗ ಸ್ವಲ್ಪ ಹೊತ್ತು ಕೂರಲು ಒಂದು ಶಾಂತ ಮೂಲೆ ಇವನ್ನು ನೋಡಿಕೊಳ್ಳಿ. ಮಕ್ಕಳ ಸಂಖ್ಯೆ ಕಡಿಮೆ ಇರುವ ಸಣ್ಣ ಶಾಲೆ ಇವರಿಗೆ ಹೆಸರುವಾಸಿ ದೊಡ್ಡ ಶಾಲೆಗಿಂತ ಒಳ್ಳೆಯದು.

ಮಗುವಿಗೆ ಬೇರೆಯಾಗಿ ವೈಯಕ್ತಿಕ ಶಿಕ್ಷಣ ಯೋಜನೆ, ಶಾಲೆಯವರು ಐಇಪಿ ಅನ್ನೋದು, ಬರೆಯುತ್ತಾರಾ ಕೇಳಿ. ಹೂಂ ಅಂದರೆ ಹೋದ ವರ್ಷದ ಒಂದು ಪ್ರತಿಯನ್ನು ಹೆಸರು ಮುಚ್ಚಿ ತೋರಿಸಲಿ. ಮಕ್ಕಳ ಹೆಸರು ಮಾತ್ರ ಬೇರೆ, ಒಳಗಿನ ಸಾಲುಗಳೆಲ್ಲ ಒಂದೇ ಆಗಿದ್ದರೆ ಅದು ಫೈಲಿಗಾಗಿ ಬರೆದದ್ದು.

ಕಾಗದಪತ್ರಗಳಲ್ಲಿ ಮೊದಲಿಗೆ ಯುಡಿಐಡಿ, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್ ಮಾಡಿಸಿ. ಬಹುತೇಕ ಸೌಲಭ್ಯಕ್ಕೂ ಅದೇ ಆಧಾರ. ಶಾಲೆಯ ಸ್ಯಾಟ್ಸ್, ಅಂದರೆ ಪ್ರತಿ ಮಗುವಿನ ವಿವರ ಇಡುವ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ವಿಶೇಷ ಅಗತ್ಯ ನಮೂದಾಗಿದೆಯೇ ಎಂದು ಹೆಡ್‌ಮಾಸ್ಟರ ಬಳಿ ಖಚಿತ ಮಾಡಿಕೊಳ್ಳಿ. ಅಲ್ಲಿ ಹೆಸರಿಲ್ಲದ ಮಗು ಇಲಾಖೆಯ ಲೆಕ್ಕದಲ್ಲಿ ಇಲ್ಲ. ಭತ್ಯೆಯೂ ಇಲ್ಲ, ಸಾಧನವೂ ಇಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಅಥವಾ ಬಹು ವೈಕಲ್ಯ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿಡಿ. 1 ಲಕ್ಷ ರೂಪಾಯಿವರೆಗೆ ಸಿಗುವ ಇದರಲ್ಲಿ ಥೆರಪಿ ಖರ್ಚೂ ಸೇರುತ್ತದೆ.

ಶಾಲೆ ಬೇಡ ಅಂದರೆ ಜಗಳ ಬೇಡ. "ಕಾರಣ ಬರೆದುಕೊಡಿ" ಅನ್ನಿ. ಅರ್ಧ ಶಾಲೆಗಳು ಅಲ್ಲೇ ಮೆತ್ತಗಾಗುತ್ತವೆ. ಆಗಲಿಲ್ಲವಾದರೆ ಬಿಇಒಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಮೇಲೆ ಬೆಂಗಳೂರಿನಲ್ಲಿ ವಿಕಲಚೇತನರ ಅಧಿನಿಯಮ ರಾಜ್ಯ ಆಯುಕ್ತರ ಕಚೇರಿ ಇದೆ. ಇಷ್ಟೆಲ್ಲ ಹೋರಾಡಿ ಸೇರಿಸಿದ ಶಾಲೆಯಲ್ಲಿ ಮಗುವನ್ನು ಮನಸಾರೆ ನೋಡಿಕೊಳ್ಳುತ್ತಾರಾ ಎಂಬ ಅಳುಕು ಸಹಜ. ಹತ್ತಿರದಲ್ಲಿ ಬೇರೆ ಒಳ್ಳೆಯ ಶಾಲೆ ಇದ್ದರೆ ದೂರನ್ನು ದೂರಾಗಿಯೇ ಮುಂದುವರಿಸಿ, ಮಗುವನ್ನು ಅಲ್ಲಿಗೆ ಸೇರಿಸಿ.

ಸೇರಿಸಿದ ಮೇಲೆ ದಸರಾ ರಜೆಯವರೆಗೆ ಕಾದು ನೋಡಿ. ಅಷ್ಟರಲ್ಲಿ ಮಗುವಿನ ಬಾಯಲ್ಲಿ ಒಬ್ಬ ಗೆಳೆಯನ ಹೆಸರಾದರೂ ಬಂದಿದೆಯಾ, ಬೆಳಿಗ್ಗೆ ಚೀಲ ಹಾಕಿಕೊಳ್ಳಲು ಅಳುತ್ತದಾ, ಟೀಚರ್ ತಾವಾಗಿ ಒಂದು ಸಲವಾದರೂ ನಿಮ್ಮನ್ನು ಕರೆದು ಮಾತಾಡಿದ್ದಾರಾ ಎಂದು ಗಮನಿಸಿ. ಬದಲಾಯಿಸಬೇಕು ಅನ್ನಿಸಿದರೆ ಹೊಸ ಶಾಲೆಯಲ್ಲಿ ಸೀಟು ಖಚಿತವಾಗುವ ತನಕ ಟಿಸಿ ತೆಗೆದುಕೊಳ್ಳಬೇಡಿ. ಬರುವಾಗ ಐಇಪಿ, ತಪಾಸಣಾ ವರದಿ, ಥೆರಪಿ ಫೈಲುಗಳ ಪ್ರತಿ ಕೇಳಿ ತನ್ನಿ. ಸ್ಯಾಟ್ಸ್ ಸಂಖ್ಯೆ ಹೊಸ ಶಾಲೆಗೆ ವರ್ಗವಾಗಿದೆಯೇ ಎಂದು ಒಂದು ವಾರ ಬಿಟ್ಟು ಮತ್ತೆ ವಿಚಾರಿಸಿ.